ಪಕ್ಕದಲ್ಲೇ ಇರುವ ಫೋನಿಗೆ ಫೈಲ್ ಹೋಗುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಮೂಡಿಗೆರೆ ಕಡೆ ಮೊದಲು ಹೋಗುವುದು ಕರೆಂಟು. ಕೆಲವು ಗಂಟೆ ಕಳೆದು ಟವರಿನ ಬ್ಯಾಟರಿ ಖಾಲಿಯಾದರೆ ನೆಟ್‌ವರ್ಕೂ ಹೋಗುತ್ತದೆ. ಅಂಥದೇ ಒಂದು ದಿನ ತೋಟದ ಮೇಲಿನ ಧರೆ ಕುಸಿದು ಇಪ್ಪತ್ತು ಮೂವತ್ತು ಕಾಫಿ ಗಿಡ ಮಣ್ಣು ಪಾಲಾದವು. ಪರಿಹಾರದ ಅರ್ಜಿಗೆಂದು ನಾನು ಫೋಟೊ ತೆಗೆದೆ. ಅರ್ಜಿ ಕೊಡಲು ಪೇಟೆಗೆ ಹೊರಟಿದ್ದವನು ಚಿಕ್ಕಪ್ಪನ ಮಗ. ಇಬ್ಬರೂ ಒಂದೇ ಜಗಲಿಯಲ್ಲಿ ಕೂತಿದ್ದೆವು, ಫೋನುಗಳ ನಡುವೆ ಎರಡು ಅಡಿ ಜಾಗವೂ ಇರಲಿಲ್ಲ. ಆದರೂ ಫೋಟೊ ಹೋಗಲಿಲ್ಲ. ‘ಅಣ್ಣಾ, ನೆಟ್ ಬಂದ ಮೇಲೆ ವಾಟ್ಸ್‌ಆ್ಯಪಲ್ಲಿ ಹಾಕು’ ಎಂದು ಅವನು ಹೊರಟೇಬಿಟ್ಟ.

ಪಕ್ಕದ ಫೋನಿಗೆ ನೇರವಾಗಿ ಫೈಲ್ ಕಳಿಸಲು ನೆಟ್ ಬೇಕಾಗಿಯೇ ಇಲ್ಲ. ಒಂದು ಫೋನಿನ ರೇಡಿಯೊ ಇನ್ನೊಂದು ಫೋನಿನ ರೇಡಿಯೊ ಜೊತೆ ಮಾತಾಡಿದರೆ ಸಾಕು. ಫೈಲ್ ಎಲ್ಲೂ ಕುಗ್ಗದೆ ಇದ್ದ ಹಾಗೇ ಹೋಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಅದರೊಳಗಿನ ಜಾಗದ ಗುರುತೂ ಅಳಿಸಿಹೋಗುತ್ತದೆ. ನಷ್ಟದ ಸಾಕ್ಷಿ ಕೊಡಬೇಕಾದವರಿಗೆ, ಮದುವೆ ವಿಡಿಯೊ ಜತನವಾಗಿ ಇಟ್ಟುಕೊಳ್ಳಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಆವತ್ತಿನಿಂದ ನಾನು ಈ ಕೆಲಸವನ್ನು ಸರಿಯಾಗಿ ಕಲಿತೆ. ಊರಿನವರ ಫೋನುಗಳಲ್ಲಿ ಕಂಡ ದೋಷಗಳನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಆ್ಯಂಡ್ರಾಯ್ಡ್ ಫೋನಿನ ಕ್ವಿಕ್ ಶೇರ್ ಇರಲಿ, ಐಫೋನಿನ ಏರ್‌ಡ್ರಾಪ್ ಇರಲಿ, ಕೆಲಸ ನಡೆಯುವುದು ಮೂರು ಹಂತದಲ್ಲಿ. ಮೊದಲು ಒಂದು ಸಾಧನಕ್ಕೆ ಇನ್ನೊಂದು ಕಾಣಬೇಕು. ಇದಕ್ಕೆ ಮುಖ್ಯವಾಗಿ ಬ್ಲೂಟೂತ್ ಬಳಕೆಯಾಗುತ್ತದೆ. ಆಮೇಲೆ ಎರಡೂ ಒಪ್ಪಿ ಸಂಪರ್ಕ ಬೆಸೆಯಬೇಕು. ಕೊನೆಗೆ ಫೈಲ್ ಸಾಗಬೇಕು. ಇದು ಹೆಚ್ಚಾಗಿ ವೈಫೈ ಕೆಲಸ. ಎಲ್ಲಿ ನಿಂತಿತು ಎಂದು ಗೊತ್ತಾದರೆ ಅರ್ಧ ದೋಷ ಸಿಕ್ಕಿದ ಹಾಗೆ. ಆದ್ದರಿಂದ ನಾಲ್ಕು ಜಿಬಿಯ ವಿಡಿಯೊ ಹಿಡಿದುಕೊಂಡು ಪರದಾಡಬೇಡಿ. ಮೊದಲು ಒಂದೇ ಒಂದು ಫೋಟೊ ಕಳಿಸಿ ನೋಡಿ. ಅದೂ ಹೋಗದಿದ್ದರೆ ಮೊದಲ ಎರಡು ಹಂತಗಳಲ್ಲಿ ಹುಡುಕಿ. ಫೋಟೊ ಹೋಗಿ ವಿಡಿಯೊ ಮಾತ್ರ ನಿಂತರೆ ಮೂರನೆಯದರಲ್ಲಿ ಹುಡುಕಿ.

‘ಲಿಸ್ಟಿನಲ್ಲಿ ಹೆಸರೇ ಬರ್ತಿಲ್ಲ’

ನನ್ನ ಹತ್ತಿರ ಅತಿ ಹೆಚ್ಚು ಬರುವ ದೂರು ಇದು. ಖುಷಿಯ ವಿಷಯವೆಂದರೆ ಬಹುಪಾಲು ಖರ್ಚಿಲ್ಲದೆ ಸರಿಹೋಗುತ್ತದೆ.

ಎರಡೂ ಫೋನುಗಳಲ್ಲಿ ಬ್ಲೂಟೂತ್ ಮತ್ತು ವೈಫೈ ಆನ್ ಇವೆಯೇ ನೋಡಿ. ‘ನೆಟ್ ಇಲ್ವಲ್ಲ, ವೈಫೈ ಯಾಕೆ’ ಎಂದು ಆಫ್ ಮಾಡಿಟ್ಟವರೇ ಜಾಸ್ತಿ. ಇಲ್ಲಿ ವೈಫೈ ಎಂದರೆ ಮನೆಯ ಇಂಟರ್‌ನೆಟ್ ಅಲ್ಲ, ಫೋನಿನೊಳಗಿನ ರೇಡಿಯೊ. ಅದು ಯಾವ ರೂಟರಿಗೂ ಸೇರಿಕೊಂಡಿರಬೇಕಾಗಿಲ್ಲ, ಆನ್ ಇದ್ದರೆ ಸಾಕು. ಏರೋಪ್ಲೇನ್ ಮೋಡ್ ತೆಗೆಯಿರಿ. ಬ್ಯಾಟರಿ ಸೇವರ್ ಕೂಡ ತೆಗೆಯಿರಿ, ಅದು ಹಿನ್ನೆಲೆಯ ಹುಡುಕಾಟವನ್ನು ತಡೆಯುತ್ತದೆ.

ಮುಂದಿನದು ‘ಯಾರಿಗೆ ಕಾಣಬೇಕು’ ಎಂಬ ಆಯ್ಕೆ. ಪಡೆಯುವವರ ಫೋನಿನಲ್ಲಿ ಅದು ‘ಕಾಂಟ್ಯಾಕ್ಟ್ಸ್’ ಎಂದಿದ್ದರೆ, ಕಳಿಸುವವರ ಖಾತೆ ಅವರ ಸಂಪರ್ಕ ಪಟ್ಟಿಯಲ್ಲಿ ಸರಿಯಾಗಿ ಸೇರಿರಬೇಕು. ನಂಬರ್ ಸೇವ್ ಆಗಿದೆ, ಇಮೇಲ್ ಬೇರೆ ಇದೆ ಎಂಬ ಸಣ್ಣ ತೊಡಕಿಗೂ ಹೆಸರು ಮಾಯವಾಗುತ್ತದೆ. ತಲೆಕೆಡಿಸಿಕೊಳ್ಳದೆ ‘ಎವ್ರಿವನ್’ ಆರಿಸಿ. ಆ್ಯಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಇದನ್ನು 10 ನಿಮಿಷಕ್ಕೆ ಮಾತ್ರ ತೆರೆಯುವ ಆಯ್ಕೆ ಇದೆ. ಐಫೋನಿಗೆ ಇದು ಬಂದದ್ದು 2022ರ ಕೊನೆಗೆ. ಇದರಲ್ಲೇ ಒಂದು ಗೊಂದಲವೂ ಇದೆ: ಆಗಲೇ ಕಾಣುತ್ತಿದ್ದ ಹೆಸರು ಚಹಾ ಕುಡಿದು ಬರುವಷ್ಟರಲ್ಲಿ ಕಾಣದಾದರೆ ಅದು ದೋಷವಲ್ಲ, 10 ನಿಮಿಷ ಮುಗಿದಿದೆ. ಮತ್ತೆ ಆನ್ ಮಾಡಿ.

ಪಡೆಯುವ ಫೋನಿನ ಪರದೆ ಬೆಳಗುತ್ತಿರಲಿ, ಲಾಕ್ ತೆರೆದಿರಲಿ. ಆ್ಯಂಡ್ರಾಯ್ಡ್‌ನಲ್ಲಿ ಲೊಕೇಶನ್ ಕೂಡ ಆನ್ ಮಾಡಿ. ಫೈಲ್ ಕಳಿಸಲು ಜಿಪಿಎಸ್ ಏಕೆ ಎಂದು ನನ್ನನ್ನು ಕೇಳಿದವರಿದ್ದಾರೆ. ಪಕ್ಕದಲ್ಲಿ ಯಾವ ವೈಫೈ, ಯಾವ ಬ್ಲೂಟೂತ್ ಇದೆ ಎಂದು ತಿಳಿದರೆ ನೀವಿರುವ ಜಾಗವನ್ನು ಊಹಿಸಬಹುದು. ಹಾಗಾಗಿ ಹಳೆಯ ಆ್ಯಂಡ್ರಾಯ್ಡ್‌ಗಳು ಆ ಹುಡುಕಾಟವನ್ನೇ ಲೊಕೇಶನ್ ಅನುಮತಿಯ ಕೆಳಗೆ ಇಟ್ಟಿದ್ದವು. ಆ್ಯಂಡ್ರಾಯ್ಡ್ 12ರಲ್ಲಿ ಬ್ಲೂಟೂತಿಗೆ, 13ರಲ್ಲಿ ವೈಫೈಗೆ ‘ನಿಯರ್‌ಬೈ ಡಿವೈಸಸ್’ ಎಂಬ ಅನುಮತಿ ಬೇರೆಯಾಗಿ ಬಂತು. ಬೇರೆ ಆ್ಯಪ್ ಬಳಸುವವರು ಮೊದಲ ದಿನ ಅನುಮತಿ ಕೇಳಿದಾಗ ‘ಬೇಡ’ ಒತ್ತಿದ್ದರೆ, ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪಿನ ಪರ್ಮಿಶನ್ ತೆರೆದು ಕೊಡಬೇಕು.

ಐಫೋನಿನಲ್ಲಿ ಪರ್ಸನಲ್ ಹಾಟ್‌ಸ್ಪಾಟ್ ಆನ್ ಇದ್ದರೆ ಏರ್‌ಡ್ರಾಪ್ ನಡೆಯುವುದಿಲ್ಲ. ಹಾಸನದಿಂದ ಬಂದ ಅಕ್ಕನ ಮಗಳು ತನ್ನ ಫೋನಿಂದ ಮನೆಯವರಿಗೆಲ್ಲ ನೆಟ್ ಕೊಟ್ಟು, ‘ಮಾಮ, ಏರ್‌ಡ್ರಾಪ್ ಹಾಳಾಗಿದೆ’ ಎಂದು ಬೇಸರಪಟ್ಟಿದ್ದಳು. ಹಾಟ್‌ಸ್ಪಾಟ್ ಆಫ್ ಮಾಡಿದ ಕೂಡಲೇ ಹೆಸರು ಬಂತು.

ಒಂದು ಐಫೋನ್, ಇನ್ನೊಂದು ಆ್ಯಂಡ್ರಾಯ್ಡ್ ಆದರೆ? ಗೂಗಲ್ 2025ರ ನವೆಂಬರ್‌ನಲ್ಲಿ ಪಿಕ್ಸೆಲ್ 10 ಫೋನುಗಳಿಂದ ಶುರುಮಾಡಿ ಕ್ವಿಕ್ ಶೇರ್ ಅನ್ನು ಏರ್‌ಡ್ರಾಪಿಗೆ ಹೊಂದುವಂತೆ ಮಾಡಿತು. ಹಳೆಯ ಫೋನುಗಳಲ್ಲಿ ಅವೆರಡೂ ಬೇರೆ ಬೇರೆ ಭಾಷೆ, ಎಷ್ಟು ಹೊತ್ತು ಕಾದರೂ ಹೆಸರು ಬಾರದು. ಇಂಥ ಜೋಡಿಗೆ ಎರಡರಲ್ಲೂ ಲೋಕಲ್‌ಸೆಂಡ್‌ನಂಥ ಮುಕ್ತ ತಂತ್ರಾಂಶ ಹಾಕಿಕೊಳ್ಳುವುದು ಒಳ್ಳೆಯದು. ನೆಟ್ ಇರುವಾಗಲೇ ಹಾಕಿಟ್ಟುಕೊಳ್ಳಿ, ಮಳೆಗಾಲದ ಮುಂಚೆ ಸೌದೆ ಒಟ್ಟಿಕೊಂಡ ಹಾಗೆ.

ಇಷ್ಟಾದರೂ ಕಾಣದಿದ್ದರೆ ಮೂರನೇ ಫೋನ್ ತನ್ನಿ. ಎ ಫೋನಿಂದ ಸಿ ಫೋನಿಗೆ ಹೋಗುತ್ತದೆ, ಬಿ ಫೋನಿಗೆ ಯಾರಿಂದಲೂ ಬರುವುದಿಲ್ಲ ಎಂದರೆ ದೋಷ ಬಿಯಲ್ಲಿದೆ. ಎಷ್ಟೋ ಜನ ಈ ಪರೀಕ್ಷೆ ಮಾಡದೆ ಸರಿಯಿರುವ ಫೋನನ್ನೇ ರೀಸೆಟ್ ಮಾಡಿ ಕೂರುತ್ತಾರೆ.

‘ಹೆಸರು ಕಾಣುತ್ತೆ, ಒತ್ತಿದರೆ ಕನೆಕ್ಟಿಂಗ್ ಅಂತಲೇ ಸುತ್ತುತ್ತೆ’

ಬ್ಲೂಟೂತ್ ತನ್ನ ಕೆಲಸ ಮಾಡಿದೆ, ವೈಫೈಗೆ ದಾಟುವಾಗ ಎಡವಿದೆ ಎಂದು ಇದರ ಅರ್ಥ. ಮೊದಲು ಪಡೆಯುವವರ ಪರದೆ ನೋಡಿ. ‘ಅಕ್ಸೆಪ್ಟ್’ ಕೇಳುತ್ತಿರುವುದು ಕಣ್ಣಿಗೆ ಬೀಳದೆ ಹೋಗಿರುತ್ತದೆ.

ಇಲ್ಲವಾದರೆ ವಿಪಿಎನ್ (ಫೋನಿನ ಸಂಪರ್ಕವನ್ನು ಬೇರೆ ದಾರಿಗೆ ತಿರುಗಿಸುವ ಆ್ಯಪ್) ಇದ್ದರೆ ಆಫ್ ಮಾಡಿ. ಹಾಟ್‌ಸ್ಪಾಟ್ ಆನ್ ಇದ್ದರೆ ಆಫ್ ಮಾಡಿ. ಎರಡೂ ಫೋನಿನ ವೈಫೈ ಮತ್ತು ಬ್ಲೂಟೂತ್ ಆಫ್ ಮಾಡಿ ಹತ್ತು ಎಣಿಸಿ ಆನ್ ಮಾಡಿ. ಆಮೇಲೆ ಎರಡೂ ಫೋನ್ ರೀಸ್ಟಾರ್ಟ್. ಮಾತು ಹಳೆಯದಾದರೂ ಕೆಲಸ ಮಾಡುವುದು ಇದೇ, ಏಕೆಂದರೆ ಹಿಂದಿನ ಅರೆಬರೆ ಸಂಪರ್ಕ ಕೆಲವೊಮ್ಮೆ ಒಳಗೇ ಸಿಕ್ಕಿಕೊಂಡಿರುತ್ತದೆ.

ಕೊನೆಯ ಅಸ್ತ್ರ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್. ಇದರಿಂದ ಫೋಟೊ, ನಂಬರು ಅಳಿಯುವುದಿಲ್ಲ. ಆದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳು, ಬ್ಲೂಟೂತ್ ಜೋಡಿಗಳು ಹೋಗುತ್ತವೆ. ಮನೆಯ ಪಾಸ್‌ವರ್ಡ್ ಬರೆದಿಟ್ಟುಕೊಂಡೇ ಮಾಡಿ. ‘ಫ್ಯಾಕ್ಟರಿ ರೀಸೆಟ್’ ಎಂಬುದು ಬೇರೆ, ಅದು ಫೋನನ್ನೇ ಬರಿದು ಮಾಡುತ್ತದೆ. ಫೈಲ್ ಹೋಗದ ತೊಂದರೆಗೆ ಅದನ್ನು ಮುಟ್ಟಬೇಡಿ.

‘ಹೋಗ್ತಾ ಇದೆ, ಆದರೆ ಸಂಜೆವರೆಗೂ ಮುಗಿಯೋದಿಲ್ಲ’

ಇಲ್ಲಿ ಸ್ವಲ್ಪ ಲೆಕ್ಕ ಹಾಕಿದರೆ ದೋಷ ತಾನೇ ಹೊರಬರುತ್ತದೆ. ಬರೀ ಬ್ಲೂಟೂತಿನಲ್ಲಿ ಸಾಗುವುದು ಸೆಕೆಂಡಿಗೆ ಸುಮಾರು 2 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಅದು ಸೆಕೆಂಡಿಗೆ ಕಾಲು ಎಂಬಿ. ಒಂದು ಜಿಬಿಗೆ ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ವೈಫೈಯಲ್ಲಿ ಸೆಕೆಂಡಿಗೆ 5 ಎಂಬಿ ಸಿಕ್ಕರೂ ಅದೇ ಒಂದು ಜಿಬಿ ಮೂರೂವರೆ ನಿಮಿಷ. 25 ಎಂಬಿ ಸಿಕ್ಕರೆ 40 ಸೆಕೆಂಡು. ಹಾಗಾಗಿ ನಿಮ್ಮ ವೇಗ ಕಾಲು ಎಂಬಿಯ ಆಸುಪಾಸಿನಲ್ಲಿದ್ದರೆ ಫೈಲ್ ಬ್ಲೂಟೂತಿನಲ್ಲೇ ತೆವಳುತ್ತಿದೆ ಎಂದು ತಿಳಿಯಿರಿ. ಶೇರ್ ಮಾಡುವಾಗ ‘ಬ್ಲೂಟೂತ್’ ಎಂಬ ಚಿಹ್ನೆ ಒತ್ತಿರಬಹುದು. ರದ್ದು ಮಾಡಿ ಕ್ವಿಕ್ ಶೇರ್ ಚಿಹ್ನೆಯಿಂದ ಕಳಿಸಿ.

ವೇಗ 2–5 ಎಂಬಿ ಇದ್ದರೆ 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಹೋಗುತ್ತಿರುವ ಸಾಧ್ಯತೆ ಹೆಚ್ಚು. ಬ್ಲೂಟೂತ್ ಕೂಡ ಅದೇ ಅಲೆಯಲ್ಲಿ ಕೆಲಸ ಮಾಡುತ್ತದೆ. ಕಿವಿಗೆ ಬ್ಲೂಟೂತ್ ಇಯರ್‌ಫೋನ್ ಸಿಕ್ಕಿಸಿ ಹಾಡು ಕೇಳುತ್ತಾ ಫೈಲ್ ಕಳಿಸಿದರೆ ಎರಡೂ ಒಂದೇ ಕಾಲುದಾರಿಯಲ್ಲಿ ಡಿಕ್ಕಿಯಾಗುತ್ತವೆ. ಹಾಡು ನಿಲ್ಲಿಸಿ. ಇನ್ನು ನಮ್ಮ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ, ನಡುವೆ ಕಬ್ಬಿಣದ ಬೀರು, ಮಳೆಗೆ ತೊಯ್ದ ಗೋಡೆ, ಇವೆಲ್ಲ ಅಲೆಯನ್ನು ನುಂಗುತ್ತವೆ. ವೇಗದ 5 ಗಿಗಾಹರ್ಟ್ಸ್ ಅಲೆಗೆ ಗೋಡೆ ದಾಟುವುದು ಇನ್ನೂ ಕಷ್ಟ. ಅಡುಗೆಮನೆಯಿಂದ ಜಗಲಿಗೆ ಕಳಿಸಬೇಡಿ. ಒಂದೇ ಮೇಜಿನ ಮೇಲೆ ಎರಡೂ ಫೋನ್ ಇಡಿ.

‘ಅರ್ಧಕ್ಕೆ ಕಡಿದುಹೋಗುತ್ತೆ’

ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಕಡಿದುಹೋಗುತ್ತದೆಯೋ, ಒಂದೇ ಜಾಗದಲ್ಲಿ ನಿಲ್ಲುತ್ತದೆಯೋ? ಇದನ್ನು ಗಮನಿಸದೆ ಮುಂದೆ ಹೋಗಬೇಡಿ, ಎರಡಕ್ಕೂ ಕಾರಣ ಬೇರೆ.

ಬೇರೆ ಬೇರೆ ಜಾಗದಲ್ಲಾದರೆ ದೋಷ ಸಂಪರ್ಕದ್ದು. ಪರದೆ ಆರಿದ ಕೂಡಲೇ ಫೋನ್ ಆ್ಯಪನ್ನು ಮಲಗಿಸುತ್ತಿರಬಹುದು. ಪರದೆ ಆರುವ ಸಮಯವನ್ನು 10 ನಿಮಿಷಕ್ಕೆ ಏರಿಸಿ, ಬ್ಯಾಟರಿ ನಿರ್ಬಂಧದಿಂದ ಆ ಆ್ಯಪನ್ನು ಹೊರಗಿಡಿ. ಒಂದು ಫೋನಿನ ಹಾಟ್‌ಸ್ಪಾಟಿಗೆ ಇನ್ನೊಂದನ್ನು ಸೇರಿಸಿ ಲೋಕಲ್‌ಸೆಂಡ್‌ನಂಥ ಆ್ಯಪಿನಿಂದ ಕಳಿಸುವಾಗ ಇನ್ನೊಂದು ತಂಟೆ ಉಂಟು. ‘ಈ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ’ ಎಂದು ಕಂಡುಕೊಂಡ ಫೋನ್ ತಾನಾಗಿ ಮೊಬೈಲ್ ಡೇಟಾಗೆ ಜಿಗಿಯುತ್ತದೆ, ಫೈಲ್ ಅಲ್ಲೇ ಕಡಿಯುತ್ತದೆ. ಪಡೆಯುವ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ‘ಸಂಪರ್ಕದಲ್ಲೇ ಇರಲೇ’ ಎಂದು ಕೇಳಿದರೆ ಹೌದು ಎನ್ನಿ.

ಒಂದೇ ಜಾಗದಲ್ಲಿ ನಿಂತರೆ ದೋಷ ಜಾಗದ್ದೇ, ಅಂದರೆ ಸಂಗ್ರಹದ್ದು. ಪಡೆಯುವ ಫೋನಿನಲ್ಲಿ ಫೈಲಿಗಿಂತ ಒಂದೆರಡು ಜಿಬಿಯಾದರೂ ಹೆಚ್ಚು ಖಾಲಿ ಇರಲಿ. ಖಾಲಿ ಇದ್ದೂ 4 ಜಿಬಿ ಹತ್ತಿರ ಬಂದಾಗಲೆಲ್ಲ ನಿಲ್ಲುತ್ತದೆಯೇ? ಹಾಗಾದರೆ ಮೆಮೊರಿ ಕಾರ್ಡ್ ಅಥವಾ ಪೆನ್‌ಡ್ರೈವ್ ಫ್ಯಾಟ್32 ವಿನ್ಯಾಸದ್ದು. ಆ ವಿನ್ಯಾಸದಲ್ಲಿ ಒಂದು ಫೈಲಿನ ಅಳತೆ ಬರೆಯಲು 32 ಬಿಟ್ ಜಾಗ ಮಾತ್ರ ಇದೆ, ಹಾಗಾಗಿ 4 ಜಿಬಿ ದಾಟುವ ಫೈಲ್ ಅದರಲ್ಲಿ ಕೂರುವುದೇ ಇಲ್ಲ. ಕಾರ್ಡು 32 ಜಿಬಿಯದಾಗಿದ್ದು ಅದರಲ್ಲಿ 20 ಜಿಬಿ ಖಾಲಿ ಇದ್ದರೂ ಅಷ್ಟೇ. 32 ಜಿಬಿವರೆಗಿನ ಕಾರ್ಡುಗಳು ಸಾಮಾನ್ಯವಾಗಿ ಹೀಗೇ ಬರುತ್ತವೆ, 64 ಜಿಬಿ ಮತ್ತು ಮೇಲಿನವು ದೊಡ್ಡ ಫೈಲೂ ಹಿಡಿಸುವ ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಿ ಬರುತ್ತವೆ. ಫೋನಿನ ಒಳಸಂಗ್ರಹಕ್ಕೇ ಪಡೆದುಕೊಳ್ಳಿ. ಕಾರ್ಡನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡುವುದಾದರೆ ಅದರಲ್ಲಿದ್ದುದೆಲ್ಲ ಅಳಿಯುತ್ತದೆ, ಮೊದಲೇ ನಕಲು ತೆಗೆದಿಡಿ.

ಫೋನ್ ಕೈಸುಡುವಷ್ಟು ಬಿಸಿಯಾದರೂ ವೇಗ ಬಿದ್ದು ಸಂಪರ್ಕ ಕಡಿಯಬಹುದು. ಚಾರ್ಜರ್ ತೆಗೆದು, ಕವರ್ ಬಿಚ್ಚಿ, ತಣಿಯಲು ಬಿಡಿ. ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ನೀರು ಕಟ್ಟುತ್ತದೆ. ಹಿಂಬದಿ ಉಬ್ಬಿದ್ದರೆ, ಪರದೆ ಅಂಚಿನಲ್ಲಿ ಮೇಲೆದ್ದಿದ್ದರೆ ಅಲ್ಲಿಗೇ ನಿಲ್ಲಿಸಿ: ಬ್ಯಾಟರಿ ಊದಿಕೊಂಡಿದೆ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ರಿಪೇರಿಯವರಿಗೆ ಕೊಡಿ. ಗುಡುಗು ಸಿಡಿಲು ಇರುವಾಗ ಚಾರ್ಜಿಗೆ ಸಿಕ್ಕಿಸಿದ ಫೋನ್ ಹಿಡಿದು ಫೈಲ್ ಕಳಿಸುತ್ತಾ ಕೂರುವುದು ಬೇಡವೇ ಬೇಡ.

‘ಬಂತು ಅಂತ ತೋರಿಸ್ತು, ಫೈಲ್ ಸಿಗ್ತಿಲ್ಲ, ಸಿಕ್ಕರೂ ತೆರೆಯಲ್ಲ’

ಆ್ಯಂಡ್ರಾಯ್ಡ್‌ನಲ್ಲಿ ಹುಡುಕಬೇಕಾದ್ದು ಫೈಲ್ಸ್ ಆ್ಯಪಿನ ಡೌನ್‌ಲೋಡ್ಸ್ ಒಳಗೆ, ಅಲ್ಲಿ ಕ್ವಿಕ್ ಶೇರ್ ಹೆಸರಿನ ಫೋಲ್ಡರ್ ಇದ್ದರೆ ಅದರೊಳಗೂ ನೋಡಿ. ಐಫೋನಿನಲ್ಲಿ ಚಿತ್ರ, ವಿಡಿಯೊ ಫೋಟೋಸ್‌ಗೆ ಸೇರುತ್ತವೆ.

ಐಫೋನ್ 2017ರ ಐಒಎಸ್ 11ರಿಂದ ಫೋಟೊಗಳನ್ನು ಎಚ್‌ಇಐಸಿ ರೂಪದಲ್ಲಿ ಉಳಿಸುತ್ತದೆ. ಹಳೆಯ ವಿಂಡೋಸ್ ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ. ಫೈಲ್ ಕೆಟ್ಟಿಲ್ಲ, ಓದಲು ಬಂದಿಲ್ಲ ಅಷ್ಟೇ. ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟ್ಸ್ ತೆರೆದು ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದಿನ ಫೋಟೊಗಳು ಜೆಪೆಗ್ ಆಗಿರುತ್ತವೆ.

ವಿಡಿಯೊ ತೆರೆಯದಿದ್ದರೆ ಅದು ಪೂರ್ತಿ ಬಂದಿದೆಯೇ ಪರೀಕ್ಷಿಸಿ. ಫೋನ್ ಕ್ಯಾಮೆರಾದ ಎಂಪಿ4 ವಿಡಿಯೊಗಳಲ್ಲಿ ‘ಯಾವ ದೃಶ್ಯ ಎಲ್ಲಿದೆ’ ಎಂಬ ಸೂಚಿ ಹೆಚ್ಚಾಗಿ ಕೊನೆಯಲ್ಲಿರುತ್ತದೆ. ಹಾಗಾಗಿ ನೂರಕ್ಕೆ 95 ಭಾಗ ಬಂದ ವಿಡಿಯೊದಲ್ಲಿ 95 ಭಾಗ ನೋಡಲು ಸಿಗುತ್ತದೆಂದು ಎಣಿಸಬೇಡಿ, ಒಂದು ದೃಶ್ಯವೂ ಬಾರದಿರಬಹುದು. ಎರಡೂ ಕಡೆ ಫೈಲಿನ ಗಾತ್ರ ಹೋಲಿಸಿ, ಆದರೆ ಜಿಬಿ ನೋಡಬೇಡಿ, ಬೈಟ್ ನೋಡಿ. ಫೋನಿನಲ್ಲಿ 4.00 ಜಿಬಿ ಎಂದದ್ದು ವಿಂಡೋಸ್‌ನಲ್ಲಿ 3.72 ಎಂದು ಕಂಡರೆ ಏನೂ ಕಳೆದುಹೋಗಿಲ್ಲ. ಒಂದು ಸಾವಿರದ ಲೆಕ್ಕದಲ್ಲಿ, ಇನ್ನೊಂದು 1024ರ ಲೆಕ್ಕದಲ್ಲಿ ಅಳೆಯುತ್ತದೆ. ಬೈಟುಗಳ ಸಂಖ್ಯೆ ಒಂದೇ ಇದ್ದರೆ ಪೂರ್ತಿ ಬಂದಿದೆ. ಒಂದು ಅಂಕಿ ವ್ಯತ್ಯಾಸವಾದರೂ ಮತ್ತೆ ಕಳಿಸಿ. ಹೋಲಿಸಿ ನೋಡುವವರೆಗೆ ಮೂಲ ಫೈಲನ್ನು ಅಳಿಸಬೇಡಿ. ಮದುವೆಯ ಧಾರೆ ವಿಡಿಯೊ ಕಳಕೊಂಡ ಮನೆಯೊಂದರ ದುಃಖ ನಾನು ಕಣ್ಣಾರೆ ಕಂಡಿದ್ದೇನೆ.

‘ಫೋನಿಂದ ಫೋನಿಗೆ ಸರಿ, ಲ್ಯಾಪ್‌ಟಾಪಿಗೆ ಮಾತ್ರ ಆಗಲ್ಲ’

ಲೋಕಲ್‌ಸೆಂಡ್‌ನಂಥ ಆ್ಯಪ್‌ಗಳಿಗೆ ಎರಡೂ ಸಾಧನ ಒಂದೇ ವೈಫೈಯಲ್ಲಿರಬೇಕು. ಎರಡರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಸಾಧನದ ಗುರುತಿನ ಸಂಖ್ಯೆ) ನೋಡಿ. ಮನೆಯ ರೂಟರ್‌ಗಳಲ್ಲಿ ಚುಕ್ಕಿಗಳಿಂದ ಬೇರ್ಪಟ್ಟ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರುತ್ತವೆ, 192.168.1.5 ಮತ್ತು 192.168.1.9 ಎಂಬ ಹಾಗೆ. ಒಂದು ಕಡೆ 169.254ರಿಂದ ಶುರುವಾದರೆ ಆ ಸಾಧನಕ್ಕೆ ರೂಟರ್ ವಿಳಾಸವನ್ನೇ ಕೊಟ್ಟಿಲ್ಲ ಎಂದರ್ಥ, ವೈಫೈ ಬಿಟ್ಟು ಮತ್ತೆ ಸೇರಿ.

ವಿಳಾಸ ಸರಿಯಿದ್ದರೆ ವಿಂಡೋಸ್ ಫೈರ್‌ವಾಲ್ ಕಡೆ ತಿರುಗಿ. ಹೊಸ ವೈಫೈಯನ್ನು ವಿಂಡೋಸ್ ‘ಪಬ್ಲಿಕ್’ ಎಂದು ಗುರುತಿಸಿ ಹೊರಗಿನವರು ಬಾಗಿಲು ತಟ್ಟದಂತೆ ತಡೆಯುತ್ತದೆ. ಮನೆಯ ವೈಫೈಯಾದರೆ ಅದನ್ನು ‘ಪ್ರೈವೇಟ್’ ಮಾಡಿ, ಫೈರ್‌ವಾಲ್‌ನಲ್ಲಿ ಆ ಆ್ಯಪಿಗೆ ಅನುಮತಿ ಕೊಡಿ. ಲೋಕಲ್‌ಸೆಂಡ್ ಬಳಸುವ ಪೋರ್ಟ್ (ಸಂಪರ್ಕ ಒಳಬರುವ ಬಾಗಿಲಿನ ಸಂಖ್ಯೆ) 53317. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಿ ಎಂದು ಹೇಳುವವರ ಮಾತು ಕೇಳಬೇಡಿ.

ಹೋಮ್‌ಸ್ಟೇ, ಹಾಸ್ಟೆಲ್, ಲಾಡ್ಜ್ ವೈಫೈಯಲ್ಲಿ ಇದ್ಯಾವುದೂ ಫಲಿಸದಿರಬಹುದು. ಅಲ್ಲಿನ ರೂಟರ್ ಒಬ್ಬ ಅತಿಥಿಯ ಸಾಧನ ಇನ್ನೊಬ್ಬರದಕ್ಕೆ ಕಾಣದಂತೆ ಬೇರ್ಪಡಿಸಿರುತ್ತದೆ, ಅದು ಅತಿಥಿಗಳ ರಕ್ಷಣೆಗೆ ಮಾಡಿದ್ದು. ಇಬ್ಬರಿಗೂ ಇಂಟರ್‌ನೆಟ್ ಚೆನ್ನಾಗಿ ಬರುತ್ತದೆ, ಒಬ್ಬರಿಗೊಬ್ಬರು ಮಾತ್ರ ಕಾಣುವುದಿಲ್ಲ: ಇದೇ ಅದರ ಗುರುತು. ಬಾಬಾಬುಡನ್‌ಗಿರಿಗೆ ಬಂದಿದ್ದ ಗೆಳೆಯರಿಗೆ ಹೀಗಾದಾಗ ಒಂದು ಆ್ಯಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿಸಿ, ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿದೆ. ನೆಟ್ ಇಲ್ಲದಿದ್ದರೂ ಬಹಳಷ್ಟು ಆ್ಯಂಡ್ರಾಯ್ಡ್ ಫೋನುಗಳಲ್ಲಿ ಹಾಟ್‌ಸ್ಪಾಟ್ ಆನ್ ಆಗುತ್ತದೆ. ಫೈಲ್ ಆ ಎರಡರ ನಡುವೆಯೇ ಸಾಗುವುದರಿಂದ ಡೇಟಾ ಖರ್ಚಾಗುವುದಿಲ್ಲ.

ಕೇಬಲ್ ಹಾಕಿ ಮುಗಿಸೋಣ ಎಂದರೂ ಸರಿಯೇ. ಚಾರ್ಜ್ ಆಗುತ್ತದೆ, ಫೋನ್ ಮಾತ್ರ ಕಾಣುವುದಿಲ್ಲ ಎಂದಾದರೆ ಯುಎಸ್‌ಬಿ ಸೂಚನೆ ಒತ್ತಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ. ಆ ಸೂಚನೆಯೇ ಬಾರದಿದ್ದರೆ ಕೇಬಲ್ ಚಾರ್ಜಿಗೆ ಮಾತ್ರ ಇರುವಂಥದ್ದಾಗಿರಬಹುದು. ಫೋನಿನ ಚಾರ್ಜಿಂಗ್ ಪೋರ್ಟಿನಲ್ಲಿ ತೇವವಿದೆ ಎಂಬ ಎಚ್ಚರಿಕೆ ಬಂದರೆ ಕೇಬಲ್ ತೆಗೆದು ಗಾಳಿಗೆ ಒಣಗಲು ಬಿಡಿ. ಅಕ್ಕಿ ಡಬ್ಬದಲ್ಲಿ ಹೂಳಬೇಡಿ, ಅಕ್ಕಿಯ ನುಚ್ಚು ಒಳಗೆ ಸೇರುತ್ತದೆ.

‘ಬೆಂಗಳೂರಲ್ಲಿರೋ ಮಗಳಿಗೆ ನೇರ ಕಳಿಸೋಕೆ ನೋಡಿದೆ, ಆಗಲಿಲ್ಲ’

ಬ್ರೌಸರ್ ಮೂಲಕ ದೂರಕ್ಕೆ ನೇರ ಕಳಿಸುವ ತಾಣಗಳಿವೆ. ಇಲ್ಲಿ ಎರಡೂ ಕಡೆಯ ಪುಟ ಕೊನೆಯವರೆಗೂ ತೆರೆದಿರಬೇಕು, ಏಕೆಂದರೆ ನಡುವೆ ಫೈಲ್ ಇಟ್ಟುಕೊಳ್ಳುವ ಗೋದಾಮು ಇಲ್ಲ. ಆದರೂ ಬೆಸೆಯದಿದ್ದರೆ ಕಾರಣ ಹೆಚ್ಚಾಗಿ ಐಪಿ ವಿಳಾಸದ ಹಂಚಿಕೆ. ನೆಟ್ ಕೊಡುವ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುತ್ತವೆ, ಹೊರಗಿನಿಂದ ನಿಮ್ಮ ಫೋನಿನ ಬಾಗಿಲು ಯಾವುದೆಂದು ತಿಳಿಯುವುದಿಲ್ಲ. ರೂಟರಿನ ವ್ಯಾನ್ (ಹೊರಗಿನ ಇಂಟರ್‌ನೆಟ್ ಕಡೆಯ) ವಿಳಾಸ 100.64ರಿಂದ 100.127ರೊಳಗೆ ಶುರುವಾದರೆ ನೀವು ಇಂಥ ಹಂಚಿಕೆಯಲ್ಲಿದ್ದೀರಿ. ಇದನ್ನು ಮನೆಯಿಂದ ಸರಿಮಾಡಲು ಆಗುವುದಿಲ್ಲ, ಗಂಟೆಗಟ್ಟಲೆ ಒದ್ದಾಡಬೇಡಿ. ಒಂದು ಕಡೆ ಬೇರೆ ಸಂಪರ್ಕ ಬಳಸಿ ನೋಡಿ, ಇಲ್ಲವೇ ವಾಟ್ಸ್‌ಆ್ಯಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ. 2 ಜಿಬಿವರೆಗೆ ಕುಗ್ಗದೆ ಹೋಗುತ್ತದೆ.

ಸ್ವೀಕರಿಸುವ ಮೊದಲು, ಅಂಗಡಿಗೆ ಒಯ್ಯುವ ಮೊದಲು

ಬಸ್ ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ ಗೊತ್ತಿಲ್ಲದ ಹೆಸರಿನಿಂದ ಕೋರಿಕೆ ಬಂದರೆ ‘ಡಿಕ್ಲೈನ್’. ಗುರುತಿನವರಿಂದ ಬಂದರೂ ಫೈಲಿನ ಹೆಸರು ಎಪಿಕೆ (.apk, ಫೋನಿಗೆ ಆ್ಯಪ್ ಹಾಕುವ ಫೈಲ್) ಎಂದು ಮುಗಿದಿದ್ದರೆ ತೆರೆಯಬೇಡಿ. ಮದುವೆ ಕರೆಯೋಲೆಯ ಸೋಗಿನಲ್ಲಿ ಬಂದ ಇಂಥ ಫೈಲುಗಳಿಂದ ಬ್ಯಾಂಕ್ ಖಾತೆ ಖಾಲಿಯಾದ ಪ್ರಕರಣಗಳು ನಡೆದಿವೆ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಶೇರ್‌ಇಟ್, ಕ್ಸೆಂಡರ್ ಆ್ಯಪ್‌ಗಳನ್ನು ಕೇಂದ್ರ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದೆ. ಯಾವುದೋ ತಾಣದಿಂದ ಅವುಗಳ ಎಪಿಕೆ ಇಳಿಸಿಕೊಳ್ಳುವವರನ್ನು ಈಗಲೂ ನೋಡುತ್ತೇನೆ, ದಯವಿಟ್ಟು ಬೇಡ.

ವೈಫೈ ಮತ್ತು ಬ್ಲೂಟೂತ್ ಗುಂಡಿಗಳು ಬೂದುಬಣ್ಣಕ್ಕೆ ತಿರುಗಿ ಒತ್ತಿದರೂ ಆನ್ ಆಗದಿದ್ದರೆ, ರೀಸ್ಟಾರ್ಟ್ ಮತ್ತು ನೆಟ್‌ವರ್ಕ್ ರೀಸೆಟ್ ಆದ ಮೇಲೂ ಹಾಗೇ ಇದ್ದರೆ, ಅದು ಯಂತ್ರಾಂಶದ ದೋಷ. ಸಾಮಾನ್ಯವಾಗಿ ಎರಡೂ ಒಂದೇ ಚಿಪ್ಪಿನಲ್ಲಿರುವುದರಿಂದ ಒಟ್ಟಿಗೇ ಹೋಗುತ್ತವೆ. ಫೋನ್ ಬಿದ್ದಿತ್ತೇ, ನೆನೆದಿತ್ತೇ ಎಂಬುದನ್ನು ರಿಪೇರಿಯವರಿಗೆ ಮುಚ್ಚಿಡದೆ ಹೇಳಿ. ಕೊಡುವ ಮೊದಲು ಕೇಬಲ್ ಹಾಕಿ ಫೋಟೊಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ.